ಮದುಮಗಳ ಪರವಾಗಿ ಉಂಡದ್ದು

ನಿಮ್ಮ ಕೆಲಸ ಏನು ಎಂದು ಹೊರಗಿನವರು ಯಾರಾದರೂ ಕೇಳಿದರೆ ನಾನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಉಣ್ಣುತ್ತೇನೆ, ನಡೆಯುತ್ತೇನೆ, ಮುಖಕ್ಕೆ ಕಡಲೆಹಿಟ್ಟು ಹಚ್ಚಿಕೊಳ್ಳುತ್ತೇನೆ, ಹೊತ್ತಿಗೆ ಸರಿಯಾಗಿ ಮಲಗುತ್ತೇನೆ. ಅವರು ನಗುತ್ತಾರೆ. ನಗಲಿ. ಹೀಗೆ ಉಂಡು, ಹೀಗೆ ಮಲಗಿಯೇ ಮೂವತ್ತೊಂದು ಹೆಣ್ಣುಮಕ್ಕಳನ್ನು ಹಸೆಮಣೆ ಹತ್ತಿಸಿದ್ದೇನೆ. ಅದರಲ್ಲಿ ಒಬ್ಬಳ ಕಣ್ಣಿನ ಕೆಳಗಾದರೂ ಕಪ್ಪು ಇತ್ತು ಅಂತ ಯಾರಾದರೂ ನನ್ನೆದುರು ಬಂದು ಹೇಳಲಿ ನೋಡೋಣ.

ನಮ್ಮೂರಿನಲ್ಲಿ ಮದುವೆ ಗೊತ್ತಾದ ಹುಡುಗಿಯ ಮೈಗೆ ಏನೂ ಹತ್ತುವುದಿಲ್ಲ. ತಾಂಬೂಲ ಬದಲಾಯಿಸಿದ ದಿನದಿಂದ ತಾಳಿ ಕಟ್ಟುವ ಹೊತ್ತಿನವರೆಗೆ, ನಲವತ್ತು ದಿನ, ಅವಳು ಉಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಅರಿಶಿನ ಹಚ್ಚಿದರೆ ಜಾರಿಹೋಗುತ್ತದೆ. ಹತ್ತು ಗಂಟೆ ಮಲಗಿ ಎದ್ದರೂ ಆಕಳಿಸುತ್ತಾಳೆ. ಅವಳು ಯಾರ ಎಡಗೈಗೆ ಹಳದಿ ದಾರವನ್ನು ಮೂರು ಗಂಟು ಹಾಕಿ ಕಟ್ಟುತ್ತಾಳೋ ಆ ಹೆಂಗಸು ಉಂಡರೆ ಇವಳ ಹೊಟ್ಟೆಯೂ ತುಂಬುತ್ತದೆ, ಆ ಹೆಂಗಸು ಎಣ್ಣೆನೀರು ಹಾಕಿಕೊಂಡರೆ ಇವಳ ಕೂದಲೂ ಮಿಂಚುತ್ತದೆ. ಕಟ್ಟಿದ ದಾರ ಕತ್ತರಿಗೂ ಬಗ್ಗುವುದಿಲ್ಲ, ಬೆಂಕಿಗೂ ಬಗ್ಗುವುದಿಲ್ಲ. ತಾಳಿ ಬಿದ್ದ ಗಳಿಗೆಗೆ ತಾನಾಗಿಯೇ ಕಳಚಿ ಬೀಳುತ್ತದೆ. ಆ ಹೆಂಗಸಿಗೆ ನಾವು ಬದಲಿ ಅನ್ನುತ್ತೇವೆ. ನಾನು ಬದಲಿ. ಹೆಸರು ತೊಳಸಮ್ಮ.

ಊರಿನವರು ಇದಕ್ಕೆ ಒಗ್ಗಿಕೊಂಡು ಎಷ್ಟೋ ಕಾಲವಾಯಿತು. ಕೈಯಲ್ಲಿ ಹಳದಿ ದಾರ ಕಂಡರೆ ಹೋಟೆಲಿನ ಭಟ್ಟರು ತಟ್ಟೆ ಕೆಳಗಿಡುವ ಮೊದಲು, ‘ಇದು ನಿಮ್ಮ ಬಾಯಿಗೋ, ಹುಡುಗಿ ಬಾಯಿಗೋ?’ ಎಂದು ಕೇಳುತ್ತಾರೆ. ಬಸ್ ಹತ್ತಿದರೆ ಕಂಡಕ್ಟರ್, ‘ಇಳಿದು ನಡೀರಮ್ಮ, ಹುಡುಗಿಗೆ ಒಳ್ಳೇದು’ ಎಂದು ಸೀಟಿ ಊದುತ್ತಾನೆ. ನನಗೊಂದು ಸೀನು ಬಂದರೆ ಸಾಕು, ಹುಡುಗಿಯ ಮನೆಯಿಂದ ಮೂರು ಬಗೆಯ ಕಷಾಯ ಬರುತ್ತದೆ. ಒಬ್ಬಳ ಅಜ್ಜಿಯಂತೂ ಮಧ್ಯಾಹ್ನದ ಹೊತ್ತು ನಮ್ಮ ಕಿಟಕಿಯಲ್ಲಿ ಇಣುಕಿ, ನಾನು ಎಚ್ಚರವಾಗಿರುವುದನ್ನು ಕಂಡು, ‘ಮುಚ್ಚೇ ಕಣ್ಣು!’ ಎಂದು ಗದರಿಸಿದ್ದುಂಟು. ಮುಚ್ಚಿದೆ. ಇನ್ನೇನು ಮಾಡಲಿ?

ಹೇಳಬೇಕೆಂದರೆ ಈ ಕೆಲಸಕ್ಕೆ ನಾನು ಹುಟ್ಟಿದವಳೇ ಅಲ್ಲ. ನನ್ನದು ಕೂತಲ್ಲಿ ಕೂರದ ಜೀವ. ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕುವವರೆಗೆ ನಾಲ್ಕು ಸಲ ಬೀದಿಗೆ ಹೋಗಿ ಬರುತ್ತೇನೆ. ಮಲಗು ಅಂದರೆ ಮೊದಲು ಕಾಲು ಆಡುತ್ತದೆ, ಆಮೇಲೆ ತಲೆ ಓಡುತ್ತದೆ. ಅಂಥವಳು ಇಷ್ಟು ವರ್ಷ ಹುಡುಗಿಯರ ಸಲುವಾಗಿ ಹಟ ಹಿಡಿದು ಮಲಗಿದ್ದೇನೆ. ನಮ್ಮ ಯಜಮಾನರು ಸಂತೆಮಾಳದ ಮೂಲೆಯಲ್ಲಿ ಬೋಂಡ ಕರಿಯುತ್ತಾರೆ. ಸಾಯಂಕಾಲ ಅವರು ಮನೆಗೆ ಬಂದರೆ ಅಂಗಿಯಿಂದ ಘಮ್ಮೆನ್ನುತ್ತದೆ. ಕೈಯಲ್ಲಿ ದಾರವಿದ್ದಾಗ ನಾನು ಮೂಗು ಮುಚ್ಚಿಕೊಂಡು, ‘ಮೊದಲು ಸ್ನಾನಕ್ಕೆ ಹೋಗಿ’ ಎಂದು ಅವರನ್ನು ಬಚ್ಚಲಿಗೆ ಅಟ್ಟುತ್ತೇನೆ.

ಪ್ರಮೀಳಾ ನನ್ನ ಮೂವತ್ತೆರಡನೆಯವಳು. ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಮೇಡಂ. ಒಳ್ಳೆ ಎತ್ತರ, ಎತ್ತರಕ್ಕೆ ತಕ್ಕ ಮೈ, ನಕ್ಕರೆ ಪಕ್ಕದ ಮನೆಯವರಿಗೂ ನಗು ಬರಬೇಕು. ಥ್ರೋಬಾಲ್ ಎಸೆದಳೆಂದರೆ ಆ ಕಡೆಯವರು ಹಿಡಿಯುವುದಿರಲಿ, ಪಕ್ಕಕ್ಕೆ ಸರಿಯುತ್ತಿದ್ದರು. ಹುಡುಗ ಸದಾಶಿವ, ಕಟ್ಟಿಗೆ ಡಿಪೋದಲ್ಲಿ ಗುಮಾಸ್ತ, ಅವಳು ಆಡುವುದನ್ನು ನೋಡಿಯೇ ಒಪ್ಪಿಕೊಂಡವನು. ಅವನಿಗೆ ತಾಯಿಯಿಲ್ಲ. ಸಾಕಿದವರು ಅವನ ಸೋದರತ್ತೆ ವಿಶಾಲಾಕ್ಷಮ್ಮ. ಹೆಸರಿಗೆ ತಕ್ಕ ಹಾಗೆ ಕಣ್ಣೇನೋ ದೊಡ್ಡವು, ಉಳಿದದ್ದೆಲ್ಲ ಕಡ್ಡಿ. ಗಂಡಸರು ಕಟ್ಟುವಂಥ ಅಗಲ ಪಟ್ಟಿಯ ವಾಚು ಕಟ್ಟಿಕೊಂಡು, ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುವ ಹೆಂಗಸು.

ನಮ್ಮಲ್ಲಿ ಧಾರೆಯ ರವಿಕೆ ಗಂಡಿನ ಕಡೆಯಿಂದ ಬರುತ್ತದೆ. ಹುಡುಗಿಯ ಅಳತೆ ಯಾರೂ ತೆಗೆಯುವುದಿಲ್ಲ. ಅವರ ಮನಸ್ಸಿನಲ್ಲಿ ಯಾವ ಅಳತೆ ಇದೆಯೋ ಅದಕ್ಕೆ ಹೊಲಿಸುತ್ತಾರೆ, ನಲವತ್ತು ದಿನದಲ್ಲಿ ಹುಡುಗಿ ಆ ರವಿಕೆಗೆ ಬರಬೇಕು. ಸಾಮಾನ್ಯವಾಗಿ ಅರ್ಧ ಇಂಚು, ಹೆಚ್ಚೆಂದರೆ ಒಂದು ಇಂಚು ಬಿಗಿ ಇಟ್ಟಿರುತ್ತಾರೆ, ಅದು ಮರ್ಯಾದೆ. ಪ್ರಮೀಳಾಗೆ ಬಂದ ರವಿಕೆಯನ್ನು ಅವಳ ತಾಯಿ ಗಿರಿಜಮ್ಮ ಎರಡು ಕೈಯಲ್ಲಿ ಎತ್ತಿ ಹಿಡಿದಾಗ ನನಗೆ ನಗು ತಡೆಯಲಾಗಲಿಲ್ಲ.

‘ಇದು ಮೈಗೋ, ಒಂದು ತೋಳಿಗೋ?’ ಅಂದೆ.

‘ನಗಬೇಡಿ ತೊಳಸಮ್ಮ, ನನ್ನ ಹೊಟ್ಟೆ ಉರೀತಿದೆ,’ ಎಂದರು ಗಿರಿಜಮ್ಮ. ‘ಆರು ಕೆಜಿ ಇಳೀಬೇಕಂತೆ. ಆಗತ್ತೋ ಇಲ್ವೋ ಈಗ್ಲೇ ಹೇಳಿಬಿಡಿ.’

‘ಆಗದೆ ಏನು? ನಾನಿಲ್ವಾ?’ ಅಂದುಬಿಟ್ಟೆ. ಈ ಬಾಯಿ ನನ್ನನ್ನು ಯಾವಾಗಲೂ ಸಿಕ್ಕಿಸುತ್ತದೆ.

ರವಿಕೆಯ ಜೊತೆಗೆ ವಿಶಾಲಾಕ್ಷಮ್ಮ ನಾಲ್ಕು ಹಾಳೆ ಬರೆದು ಕಳಿಸಿದ್ದರು. ಎದ್ದ ಕೂಡಲೇ ಬಿಸಿನೀರಿಗೆ ನಿಂಬೆರಸ, ನೆನೆಸಿದ ಬಾದಾಮಿ ಐದೇ ಐದು, ಸಕ್ಕರೆಯ ಮುಖ ನೋಡಕೂಡದು, ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ, ವಾರಕ್ಕೆರಡು ಸಲ ಮುಲ್ತಾನಿ ಮಿಟ್ಟಿ, ದಿನಕ್ಕೆ ಇಪ್ಪತ್ತು ಸೂರ್ಯನಮಸ್ಕಾರ, ಊಟಕ್ಕೆ ಮುಂಚೆ ಎರಡು ಲೋಟ ನೀರು ಕುಡಿದು ಹೊಟ್ಟೆಯನ್ನು ಮೊದಲೇ ಅರ್ಧ ತುಂಬಿಸಿಕೊಳ್ಳುವುದು. ಎಲ್ಲದರ ಕೊನೆಗೆ ಕೆಂಪು ಶಾಯಿಯಲ್ಲಿ, ‘ಬದಲಿಯು ಸದಾ ಸಂತೋಷವಾಗಿರತಕ್ಕದ್ದು’ ಎಂದು ಬರೆದು ಎರಡು ಗೆರೆ ಎಳೆದಿದ್ದರು. ಇಷ್ಟೆಲ್ಲ ಮಾಡುತ್ತಾ ಸಂತೋಷವಾಗಿರುವುದು ಹೇಗೆ ಅಂತಲೂ ಬರೆದಿದ್ದರೆ ಚೆನ್ನಾಗಿತ್ತು. ನಾನು ಹಾಳೆಗಳನ್ನು ಮಡಿಸಿ ಅಕ್ಕಿಡಬ್ಬದ ಕೆಳಗಿಟ್ಟೆ. ನನ್ನ ದಾರಿ ನನಗೆ ಗೊತ್ತು. ಅನ್ನ ಕಮ್ಮಿ ಮಾಡಿ ಜೋಳದ ರೊಟ್ಟಿ, ಮೊಳಕೆ ಬಂದ ಕಾಳು, ಸೊಪ್ಪು, ನೀರುಮಜ್ಜಿಗೆ, ಬೆಳಿಗ್ಗೆ ಕೆರೆ ಸುತ್ತ ಎರಡು ಸುತ್ತು, ರಾತ್ರಿ ಎಂಟು ಗಂಟೆ ನಿದ್ದೆ. ಹೊಟ್ಟೆಗೆ ಮೋಸ ಮಾಡದೆ ಇಳಿಸುವುದೇ ನನ್ನ ವಿದ್ಯೆ.

ಮೊದಲ ಹತ್ತು ದಿನ ಎಲ್ಲ ಸರಿಯಾಗಿತ್ತು. ಎರಡು ಕೆಜಿ ಇಳಿದಳು. ಕೆನ್ನೆಗೆ ಒಳ್ಳೆ ಹೊಳಪು ಬಂತು. ಹನ್ನೆರಡನೆಯ ದಿನ ವಿಶಾಲಾಕ್ಷಮ್ಮ ಹೂ ಮುಡಿಸುವ ಶಾಸ್ತ್ರಕ್ಕೆ ಬಂದುಹೋದರು. ಮಧ್ಯಾಹ್ನದ ನಿದ್ದೆ ತಪ್ಪಿಸಬಾರದೆಂದು ನಾನು ಹೋಗಿರಲಿಲ್ಲ. ಮಾರನೆಯ ಸಂಜೆ ಶಾಲೆ ಬಿಟ್ಟ ಮೇಲೆ ಪ್ರಮೀಳಾ ನೇರವಾಗಿ ನಮ್ಮ ಮನೆಗೆ ಬಂದಳು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತಳು.

‘ತೊಳಸಕ್ಕ, ಇವತ್ತು ಮಧ್ಯಾಹ್ನ ಊಟ ಮಾಡಿದ್ರಾ?’

‘ಇದೆಂಥ ಪ್ರಶ್ನೆನೇ? ಎರಡು ರೊಟ್ಟಿ, ಹೆಸರುಕಾಳು, ಮಜ್ಜಿಗೆ. ಯಾಕೆ?’

‘ಏನಿಲ್ಲ. ದಿನಾ ಒಂದು ಗಂಟೆ ಹೊತ್ತಿಗೆ ಹೊಟ್ಟೆ ತಣ್ಣಗಾಗ್ತಿತ್ತು. ಇವತ್ತು ಕಾಯ್ತಾನೇ ಕೂತಿದ್ದೆ, ಆಗ್ಲೇ ಇಲ್ಲ. ಬೇಜಾರು ಮಾಡ್ಕೋಬೇಡಿ ಅಕ್ಕ.’

ಬೇಜಾರಾಗದೆ ಏನು? ಮೂವತ್ತೊಂದು ಹುಡುಗಿಯರಲ್ಲಿ ಒಬ್ಬಳೂ ನನ್ನನ್ನು ಊಟ ಮಾಡಿದ್ರಾ ಎಂದು ಕೇಳಿರಲಿಲ್ಲ. ಅವಳೆದುರಿಗೇ ಒಂದು ರೊಟ್ಟಿ ತಟ್ಟಿ, ಬೆಣ್ಣೆ ಸವರಿ ತಿಂದೆ. ಸ್ವಲ್ಪ ಹೊತ್ತು ಅವಳ ಮುಖ ತಿಳಿಯಾಯಿತು. ಥ್ಯಾಂಕ್ಸ್ ಅಕ್ಕ ಎಂದು ಹೋದಳು. ಬೀದಿಯ ತಿರುವಿನಲ್ಲಿ ಅವಳು ಕಂಬ ಹಿಡಿದು ನಿಂತದ್ದು ನನಗೆ ಬಾಗಿಲಿನಿಂದ ಕಂಡಿತು.

ಆವತ್ತಿನಿಂದ ಶುರುವಾಯಿತು ನೋಡಿ. ನಾನು ಎಂಟು ಗಂಟೆ ಮಲಗಿದರೆ ಅವಳು ನಾಲ್ಕಕ್ಕೇ ಎಚ್ಚರವಾಗುತ್ತಿದ್ದಳು. ನಾನು ಕೆರೆಗೆ ಎರಡು ಸುತ್ತು ಹಾಕಿದರೆ ಅವಳ ಮೀನಖಂಡ ಹತ್ತು ಸುತ್ತು ಹಾಕಿದವರ ಹಾಗೆ ಸೆಳೆಯುತ್ತಿತ್ತು. ಹಸಿವು ತಡೆಯಲಾಗದೆ ಸಿಕ್ಕಿದ್ದೆಲ್ಲ ತಿನ್ನುತ್ತಿದ್ದಳು: ಹುರಿಗಡಲೆ, ಶಾಲೆಯ ಮಕ್ಕಳು ಕೊಟ್ಟ ಪೇರಲೆಕಾಯಿ, ಅಮ್ಮ ಮಾಡಿದ ದೋಸೆ ಹನ್ನೊಂದು. ಅವಳೇ ತಿಂದದ್ದು ಅವಳ ಮೈಗೆ ಹತ್ತುವುದುಂಟೇ? ಬಾಯಿ ಆಡುತ್ತಿತ್ತು, ಹೊಟ್ಟೆ ಖಾಲಿ. ಶುಕ್ರವಾರ ಗಿರಿಜಮ್ಮ ಹಜಾರದ ತೂಕದ ಮಿಷನ್ನಿನ ಮೇಲೆ ಅವಳನ್ನು ನಿಲ್ಲಿಸಿದರೆ ಒಂದೇ ವಾರದಲ್ಲಿ ಮೂರು ಕೆಜಿ ಇಳಿದಿತ್ತು. ಗಿರಿಜಮ್ಮನಿಗೆ ಸ್ವರ್ಗಕ್ಕೆ ಮೂರೇ ಗೇಣು.

‘ನಿಮ್ಮ ಕೈ ದೊಡ್ಡದು ತೊಳಸಮ್ಮ,’ ಎಂದು ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡರು.

‘ನನ್ನ ಕೈಯಲ್ಲ ಇದು. ಮೂರು ಕೆಜಿ ನಾನು ಇಳಿಸಿಲ್ಲ. ಮಗು ಮುಖ ನೋಡಿ ಸ್ವಲ್ಪ.’

‘ಮದುವೆ ಹುಡುಗಿ ಅಲ್ವಾ, ಹಾಗೇ ಇರತ್ತೆ ಬಿಡಿ,’ ಎಂದು ಗಿರಿಜಮ್ಮ ಒಳಗೆ ಹೋದರು. ಅವರು ನನ್ನ ಕಣ್ಣು ತಪ್ಪಿಸಿದ್ದು ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ನನಗೆ ಹೆದರಿಕೆಯಾಯಿತು. ನನ್ನ ಮೈಯಲ್ಲೇ ಏನೋ ಕೆಟ್ಟಿದೆ, ನಲವತ್ತಾರು ವರ್ಷಕ್ಕೆ ಬದಲಿತನ ಮುಗಿದುಹೋಯಿತು, ನನ್ನ ಮುಪ್ಪು ಆ ಹುಡುಗಿಯ ಮೇಲೆ ಬಿತ್ತು ಅಂತೆಲ್ಲ ಯೋಚನೆ ಬಂತು. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಸಕ್ಕರೆ ಕೇಳುವ ನೆಪ, ಹೂ ಕೊಡುವ ನೆಪ, ದಿನಕ್ಕೆ ಮೂರು ಸಲ ಅವರ ಮನೆಗೆ ಹೋಗಿ ಅವಳ ಮುಖ ನೋಡಿ ಬರುತ್ತಿದ್ದೆ. ಬೆರಳಿನಿಂದ ಉಂಗುರ ಜಾರುತ್ತದೆಂದು ಅದಕ್ಕೆ ದಾರ ಸುತ್ತಿಕೊಂಡಿದ್ದಳು. ನಗು ಮುಖದವರೆಗೆ ಬಂದು ಹಾಗೇ ಹಿಂದಕ್ಕೆ ಹೋಗುತ್ತಿತ್ತು.

‘ಒಂದು ಕಡೆ ಕೂತ್ಕೊಳ್ಳೇ ಮಾರಾಯ್ತಿ,’ ಎಂದರು ನಮ್ಮ ಯಜಮಾನರು. ‘ನೀನು ಹೀಗೆ ಓಡಾಡಿದಷ್ಟೂ ಆ ಮಗು ಸವೀತಾಳೆ.’

ಅವರ ಮಾತು ನಿಜವೇ. ನನ್ನ ಚಡಪಡಿಕೆಯ ಒಂದೊಂದು ಹೆಜ್ಜೆಯೂ ಅವಳ ಮೈಯಿಂದಲೇ ಹೋಗುತ್ತಿತ್ತು. ಕಾಲನ್ನು ಕಟ್ಟಿಹಾಕಿದವಳ ಹಾಗೆ ಚಾಪೆಯ ಮೇಲೆ ಕೂತೆ. ನಡೆಯುವುದನ್ನು ಬಿಟ್ಟೆ. ರೊಟ್ಟಿ ಬಿಟ್ಟು ಅನ್ನಕ್ಕೆ ತುಪ್ಪ ಸುರಿದುಕೊಂಡೆ. ಯಜಮಾನರ ಬೋಂಡ ಆರು ತಿಂದೆ, ಕೈಯಲ್ಲಿ ದಾರ ಇರುವಾಗಲೇ ತಿಂದೆ. ರವಿಕೆ ಹಾಳಾಗಿಹೋಗಲಿ, ಹುಡುಗಿ ಉಳಿದರೆ ಸಾಕು ಅನ್ನುವ ಹಾಗಾಗಿತ್ತು. ಇಷ್ಟು ತಿಂದರೂ ಮುಂದಿನ ಶುಕ್ರವಾರ ಇನ್ನೆರಡು ಕೆಜಿ ಇಳಿದಳು.

ಮದುವೆಗೆ ಹನ್ನೊಂದು ದಿನ ಇರುವಾಗ ಪ್ರಮೀಳಾ ಶಾಲೆಯ ಮೈದಾನದಲ್ಲಿ, ಬಾಯಲ್ಲಿ ಸೀಟಿ ಇಟ್ಟುಕೊಂಡೇ ಬಿದ್ದಳು. ಮಕ್ಕಳು ಚೀರಿಕೊಂಡರು. ಇಬ್ಬರು ಟೀಚರುಗಳು ಅವಳನ್ನು ಆಟೋದಲ್ಲಿ ಆಸ್ಪತ್ರೆಗೆ ತಂದರು. ಮೂರನೆಯವರು ಓಡಿಬಂದು ನನ್ನನ್ನು ಎಳೆದುಕೊಂಡು ಹೋದರು. ಡಾಕ್ಟರು ಅವಳ ನಾಡಿ ಹಿಡಿದರು, ನನ್ನ ಕೈಯ ದಾರ ನೋಡಿದರು, ನನ್ನನ್ನು ಪಕ್ಕದ ಮಂಚದ ಮೇಲೆ ಮಲಗಿಸಿ ನನ್ನ ಕೈಗೆ ಗ್ಲೂಕೋಸ್ ಸೂಜಿ ಚುಚ್ಚಿದರು. ನಮ್ಮೂರಿನ ಡಾಕ್ಟರುಗಳಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ.

‘ಏನಮ್ಮಾ, ಹುಡುಗೀನ ಸಾಯಿಸಬೇಕು ಅಂತಿದ್ದೀಯಾ? ಊಟಗೀಟ ಮಾಡ್ತೀಯೋ ಇಲ್ವೋ?’ ಎಂದು ಎಲ್ಲರೆದುರು ಬೈದರು.

ಅಷ್ಟರಲ್ಲಿ ಗಿರಿಜಮ್ಮ ಅಳುತ್ತಾ ಬಂದವರು, ‘ಕದ್ದು ಉಪವಾಸ ಮಾಡ್ತಿದ್ದೀರಾ ತೊಳಸಮ್ಮ? ಬೇಗ ಇಳಿಸಿ ಹೆಸರು ತಗೋಬೇಕು ಅಂತಾನಾ? ನನಗಿರೋದು ಒಬ್ಬಳೇ ಮಗಳು ಕಣ್ರೀ,’ ಎಂದರು.

ನನಗೆ ಮೈ ಉರಿದುಹೋಯಿತು. ಸೂಜಿಯ ಕೈಯನ್ನೇ ಎತ್ತಿ, ‘ಮನೆಗೆ ಹೋಗಿ ಅನ್ನ ಮಾಡಿ ತನ್ನಿ. ಎಷ್ಟಾಗುತ್ತೋ ಅಷ್ಟು ತನ್ನಿ. ನಿಮ್ಮ ಕಣ್ಣೆದುರೇ ಉಣ್ತೀನಿ,’ ಎಂದೆ.

ತಂದರು. ಮಂಚದ ಮೇಲೆಯೇ ಚಕ್ಕಳಮಕ್ಕಳ ಹಾಕಿ ಕೂತು, ಪ್ರಮೀಳಾಳ ಮುಖ ನೋಡುತ್ತಾ ಉಂಡೆ. ಮೂರು ಸೌಟು ಅನ್ನ, ಹುಳಿ, ಅದರ ಮೇಲೆ ಮೊಸರು. ಅವಳು ಕಣ್ಣುಮುಚ್ಚಿ ದಿಂಬಿಗೆ ಒರಗಿದ್ದಳು. ನಾಲ್ಕನೆಯ ತುತ್ತಿಗೆ ತುಟಿಗೆ ಬಣ್ಣ ಬಂತು. ‘ಬಂತು ಅಕ್ಕ, ಬರ್ತಿದೆ,’ ಎಂದಳು. ನನಗೆ ಹೋದ ಜೀವ ಬಂದ ಹಾಗಾಯಿತು. ನಾನು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ ಬೆಳ್ಳಗಾಗಿದ್ದಳು.

‘ಹೋಯ್ತು,’ ಎಂದಳು ಮೆಲ್ಲಗೆ. ‘ನೀವು ತುಂಬಿಸ್ತೀರಿ, ಯಾರೋ ಆ ಕಡೆಯಿಂದ ಖಾಲಿ ಮಾಡ್ತಾರೆ.’

ಯಾರೋ ಎಂದಾಗ ಅವಳ ದನಿ ಸ್ವಲ್ಪ ತಪ್ಪಿತು. ನಾನು ಅವಳ ಗಲ್ಲ ಹಿಡಿದೆ. ‘ಯಾರೇ? ನಿಜ ಹೇಳು.’

ಅವಳು ಅಮ್ಮನ ಕಡೆ ನೋಡಿದಳು. ಗಿರಿಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ‘ಹೂ ಮುಡಿಸಿದ ದಿನ ಅತ್ತೆ ಕೈ ಚಾಚಿದ್ರು ಅಕ್ಕ,’ ಎಂದಳು ಪ್ರಮೀಳಾ. ‘ನಂಗೂ ಒಂದು ದಾರ ಕಟ್ಟಮ್ಮ, ನಾನೂ ನಿನಗೋಸ್ಕರ ಕಷ್ಟಪಡ್ತೀನಿ ಅಂದ್ರು. ಕಟ್ಟಿದೆ. ನಿಮಗೆ ಹೇಳಿದ್ರೆ ಕೆಲಸ ಬಿಟ್ಟು ಹೋಗ್ತೀರಿ ಅಂತ ಅಮ್ಮ ಸುಮ್ನಿರು ಅಂದ್ರು.’

‘ಇಬ್ಬರು ಸೇರಿದರೆ ಬೇಗ ಆಗತ್ತೆ ಅಂದ್ಕೊಂಡೆ ಕಣ್ರೀ,’ ಎಂದರು ಗಿರಿಜಮ್ಮ. ‘ಗಂಡಿನ ಕಡೆಯವರು ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನೋಕಾಗತ್ತಾ?’

ಎರಡು ದಾರ! ಒಬ್ಬಳಿಗೆ ಇಬ್ಬರು ಬದಲಿ ನಿಲ್ಲಬಾರದು ಎಂದು ಎಲ್ಲೂ ಬರೆದಿಟ್ಟಿಲ್ಲ. ಯಾಕೆಂದರೆ ಅಂಥ ಬುದ್ಧಿ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಈ ಕಡೆ ನಾನು ಉಣ್ಣುತ್ತಿದ್ದೆ, ಆ ಕಡೆ ಆಯಮ್ಮ ಉಪವಾಸ ಇರುತ್ತಿದ್ದರು. ಈ ಕಡೆ ನಾನು ಮಲಗುತ್ತಿದ್ದೆ, ಆ ಕಡೆ ಆಯಮ್ಮ ನಾಲ್ಕಕ್ಕೆದ್ದು ಊರು ಸುತ್ತುತ್ತಿದ್ದರು. ನಡುವೆ ಈ ಹುಡುಗಿ. ನನಗೆ ಗಿರಿಜಮ್ಮನ ಮೇಲೆ ಬಂದ ಸಿಟ್ಟು ಇಷ್ಟಲ್ಲ. ಬಾಯಿಗೆ ಬಂದದ್ದನ್ನೆಲ್ಲ ಅಂದೆ, ಏನಂದೆ ಅಂತ ಈಗ ನೆನಪಿಲ್ಲ. ಬಿಟ್ಟು ಹೋಗುತ್ತೇನೆ ಅಂತ ಮಾತ್ರ ಅನ್ನಲಿಲ್ಲ. ಪ್ರಮೀಳಾ ನನ್ನ ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದಳು.

ಮಾರನೆಯ ದಿನವೇ ರವಿಕೆ ನೋಡುವ ಶಾಸ್ತ್ರ. ವಿಶಾಲಾಕ್ಷಮ್ಮ ಹೇಗೂ ಬರುವವರು. ನಾನು ಬೆಳಿಗ್ಗೆಯೇ ಹೊಟ್ಟೆ ಬಿರಿಯ ಉಂಡು, ಗಿರಿಜಮ್ಮನ ಹಜಾರದಲ್ಲಿ ಕಾಲು ಕುಣಿಸುತ್ತಾ ಕೂತೆ. ಕುಣಿಸಬಾರದು ಎಂದು ಕೈಯಿಂದ ಮಂಡಿ ಒತ್ತಿ ಹಿಡಿದರೆ ಇನ್ನೊಂದು ಕಾಲು ಕುಣಿಯುತ್ತಿತ್ತು. ಹನ್ನೊಂದು ಗಂಟೆಗೆ ಆಯಮ್ಮ ಬಿಸಿಲಲ್ಲಿ ನಡೆದುಕೊಂಡು ಬಂದರು. ವಾಚು ನೋಡಿಕೊಂಡು, ‘ಐವತ್ತೆರಡು ನಿಮಿಷ,’ ಎಂದು ಖುಷಿಯಿಂದ ಹೇಳಿದರು. ಗೋಡೆಗೊರಗಿ ಕೂತಿದ್ದ ಪ್ರಮೀಳಾ ಆ ಹೊತ್ತಿಗೆ ಸರಿಯಾಗಿ ಪಾದ ಒತ್ತಿಕೊಂಡಳು.

ಒಳಗೆ ಹೋಗಿ ರವಿಕೆ ತೊಟ್ಟು ಬಂದಳು. ತೋಳಿನ ಹತ್ತಿರ ಎರಡು ಬೆರಳು ಆಡುವಷ್ಟು ಸಡಿಲವಿತ್ತು. ವಿಶಾಲಾಕ್ಷಮ್ಮ ಆ ಸಡಿಲ ಬಟ್ಟೆಯನ್ನು ಚಿವುಟಿ ಹಿಡಿದು, ‘ನನ್ನ ಬಂಗಾರ! ನೋಡಿದ್ರಾ ಗಿರಿಜಮ್ಮ?’ ಎಂದರು. ಅವರ ದೊಡ್ಡ ಕಣ್ಣುಗಳಲ್ಲಿ ನೀರು ತುಂಬಿತ್ತು. ನನಗೆ ಇನ್ನು ತಡೆಯಲಾಗಲಿಲ್ಲ.

‘ಆ ವಾಚು ಬಿಚ್ಚಿ,’ ಎಂದೆ.

‘ಏನಂದ್ರಿ?’

‘ವಾಚು ಬಿಚ್ಚಿ ಅಂದೆ. ಪಟ್ಟಿ ಕೆಳಗೆ ಏನಿದೆ ಎಲ್ಲರಿಗೂ ತೋರಿಸಿ.’

ಅವರು ಮುಚ್ಚಿಡಲಿಲ್ಲ. ಪಟ್ಟಿ ಸಡಿಲಿಸಿ ಕೈ ಮುಂದೆ ಹಿಡಿದರು. ಹಳದಿ ದಾರ ಬೆವರಿಗೆ ಕಪ್ಪಾಗಿ ಮಣಿಕಟ್ಟಿಗೆ ಅಂಟಿಕೊಂಡಿತ್ತು. ಆ ಮಣಿಕಟ್ಟನ್ನು ನೋಡಿ ನನ್ನ ಸಿಟ್ಟು ಒಂದು ಗಳಿಗೆ ತಬ್ಬಿಬ್ಬಾಯಿತು. ಎಲುಬಿನ ಮೇಲೆ ಚರ್ಮ, ಅಷ್ಟೇ.

‘ನಾನೂ ಬದಲಿ ನಿಂತಿದ್ದೀನಿ. ತಪ್ಪೇನು?’ ಎಂದರು. ‘ನೀವು ರೊಟ್ಟಿ ತಿಂದುಕೊಂಡು, ಮಲಗಿಕೊಂಡು ಇಳಿಸ್ತೀನಿ ಅಂತಿದ್ರಿ. ಇಳಿಸಿದ್ದು ನಾನು. ದಿನಕ್ಕೆ ಒಂದು ಲೋಟ ಗಂಜಿ ಕುಡಿದು ಇಳಿಸಿದ್ದೀನಿ.’

‘ಹುಡುಗಿ ನಿನ್ನೆ ಆಸ್ಪತ್ರೆಯಲ್ಲಿದ್ದಳು, ಗೊತ್ತಾ ನಿಮಗೆ? ಹೀಗೇ ಹತ್ತು ದಿನ ಹೋದರೆ ಆ ರವಿಕೆ ತೊಡಿಸೋಕೆ ಹುಡುಗಿಯೇ ಇರಲ್ಲ!’

ಆಸ್ಪತ್ರೆಯ ಮಾತಿಗೆ ಅವರ ಮುಖ ಕಪ್ಪಿಟ್ಟಿತು. ಯಾರೂ ಅವರಿಗೆ ಹೇಳಿರಲಿಲ್ಲ. ಗಿರಿಜಮ್ಮ ನೆಲ ನೋಡುತ್ತಾ ನಿಂತಿದ್ದರು. ಆದರೂ ವಿಶಾಲಾಕ್ಷಮ್ಮ ಸೋಲಲಿಲ್ಲ.

‘ನಿಮಗೇನು ಗೊತ್ತು?’ ಎಂದರು. ‘ನನ್ನ ಮದುವೇಲಿ ಧಾರೆ ಹೊತ್ತಿಗೆ ನನ್ನ ರವಿಕೆ ಬೆನ್ನಿನ ಹೊಲಿಗೆ ಬಿಟ್ಟುಹೋಯ್ತು. ಚರ್ ಅಂತ ಸದ್ದು. ಇಡೀ ಚಪ್ಪರ ನಕ್ತು. ಅವರ ಮನೇಲಿ ನನಗೆ ಹೆಸರೇ ಇರಲಿಲ್ಲ, ಹರಿದ ರವಿಕೆ ಅಂತಲೇ ಕರೀತಿದ್ರು. ಎರಡು ವರ್ಷ ತಡ್ಕೊಂಡು ತವರಿಗೆ ಬಂದೆ. ಮೂವತ್ತು ವರ್ಷ ಆಯ್ತು, ಇವತ್ತಿಗೂ ಬೀದೀಲಿ ಯಾರಾದ್ರೂ ನಕ್ಕರೆ ನನಗೇ ನಕ್ಕರೇನೋ ಅಂತ ಬೆನ್ನು ಮುಟ್ಟಿ ನೋಡ್ಕೋತೀನಿ. ಈ ಮಗೂಗೆ ಹಾಗಾಗಬಾರದು ಅಂತ ತಾನೇ ನಾನು ಸಾಯ್ತಿರೋದು?’

ನನಗೆ ಅವರ ಮೇಲೆ ಸಿಟ್ಟೂ ಇತ್ತು, ಅಯ್ಯೋ ಅಂತಲೂ ಅನ್ನಿಸಿತು. ಎರಡೂ ಒಟ್ಟಿಗೆ ಬಂದರೆ ನನಗೆ ಗದರುವುದೊಂದೇ ಗೊತ್ತು. ‘ಗಿರಿಜಮ್ಮ, ಎಲೆ ಹಾಕಿ. ಈಯಮ್ಮ ಉಣ್ಣದೆ ಇಲ್ಲಿಂದ ಏಳೋ ಹಾಗಿಲ್ಲ,’ ಎಂದೆ. ದಾರ ಬಿಚ್ಚಲು ಬರುವಂತಿದ್ದರೆ ನಾನೇ ಬಿಚ್ಚಿ ಬೀದಿಗೆ ಎಸೆಯುತ್ತಿದ್ದೆ. ಬರುವುದಿಲ್ಲವಲ್ಲ.

ಎಲೆ ಬಂತು. ಅನ್ನ, ತಿಳಿಸಾರು, ಬೀನ್ಸ್ ಪಲ್ಯ, ಹಪ್ಪಳ. ವಿಶಾಲಾಕ್ಷಮ್ಮ ಎಲೆಯ ಮುಂದೆ ಕೂತರು, ಕೈ ಮಾತ್ರ ಮಡಿಲಲ್ಲೇ ಇತ್ತು. ‘ಹಟ ಅಲ್ಲ ಕಣ್ರೀ,’ ಎಂದರು. ‘ಇಳಿಯಲ್ಲ. ಅನ್ನ ಕಂಡರೆ ಗಂಟಲು ಕಟ್ಟಿಕೊಳ್ಳತ್ತೆ. ಎಷ್ಟೋ ವರ್ಷದಿಂದ ಹೀಗೇ.’ ನಾನು ಕೂಗಾಡಿದೆ. ಗಿರಿಜಮ್ಮ ಕೈಮುಗಿದರು. ವಿಶಾಲಾಕ್ಷಮ್ಮ ಎಲೆಯನ್ನು ನೋಡುತ್ತಲೇ ಇದ್ದರು, ಅನ್ನದ ಹಬೆ ಆರುತ್ತಾ ಬಂತು.

ಪ್ರಮೀಳಾ ಗೋಡೆ ಹಿಡಿದುಕೊಂಡು ಎದ್ದಳು. ಬಂದು ಅವರ ಪಕ್ಕದಲ್ಲಿ ಕೂತಳು. ಅನ್ನಕ್ಕೆ ಸಾರು ಕಲಸಿ, ತುಪ್ಪ ಬಿಟ್ಟು, ಚಿಕ್ಕ ತುತ್ತು ಮಾಡಿದಳು. ಎರಡು ಅಗುಳು ರವಿಕೆಯ ಮೇಲೆ ಬಿದ್ದವು. ಯಾರೂ ಒರೆಸಲಿಲ್ಲ.

‘ಅತ್ತೆ,’ ಎಂದಳು. ‘ನಿಮಗೆ ಹಸಿವಾದರೆ ಹೇಗಿರತ್ತೆ ಅಂತ ನಂಗೆ ಗೊತ್ತು. ಹದಿನೆಂಟು ದಿನದಿಂದ ಗೊತ್ತು. ಬೆಳಿಗ್ಗೆ ನಾಲ್ಕಕ್ಕೆ ಹೊಟ್ಟೆ ಹಿಂಡತ್ತೆ, ಹತ್ತಕ್ಕೆ ತಲೆ ತಿರುಗತ್ತೆ, ಮಧ್ಯಾಹ್ನ ಸುಮ್ಸುಮ್ನೆ ಅಳು ಬರತ್ತೆ. ನಂಗೆ ಹದಿನೆಂಟು ದಿನಕ್ಕೇ ಆಗ್ತಿಲ್ಲ. ನೀವು ಮೂವತ್ತು ವರ್ಷ ಹೇಗಿದ್ರಿ ಅತ್ತೆ?’

ವಿಶಾಲಾಕ್ಷಮ್ಮ ಅವಳನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ತೆರೆದ ಬಾಯಿಗೆ ಪ್ರಮೀಳಾ ತುತ್ತು ಇಟ್ಟಳು. ಬಹಳ ಹೊತ್ತು ಅಗಿದರು. ನುಂಗುವಾಗ ಕಣ್ಣು ಮುಚ್ಚಿಕೊಂಡರು, ಮುಚ್ಚಿದ ಕಣ್ಣಿನಿಂದ ನೀರು ಹರಿಯಿತು. ಎರಡನೆಯ ತುತ್ತಿಗೆ ಅಷ್ಟು ಹೊತ್ತು ಹಿಡಿಯಲಿಲ್ಲ. ಐದನೆಯದಕ್ಕೆ ತಾವೇ ಕತ್ತು ಮುಂದೆ ಚಾಚಿದರು. ಆಮೇಲೆ ಪ್ರಮೀಳಾಳ ಕೈಯನ್ನು ಮೆಲ್ಲಗೆ ಸರಿಸಿ, ತಾವೇ ಅನ್ನಕ್ಕೆ ಕೈ ಹಾಕಿದರು.

ನಾನು ನೋಡುತ್ತಿದ್ದದ್ದು ಪ್ರಮೀಳಾಳ ಮುಖವನ್ನು. ತುಟಿಗೆ ಬಣ್ಣ ಬಂತು, ಕೆನ್ನೆಗೆ ಬಂತು, ಹಣೆಯಲ್ಲಿ ಸಣ್ಣಗೆ ಬೆವರು ಮೂಡಿತು. ಬಂದದ್ದು ಹೋಗಲಿಲ್ಲ. ಅವಳು ಉಸಿರೆಳೆದು ಒಂದು ತೇಗು ತೇಗಿ, ನಾಚಿಕೊಂಡು, ನಕ್ಕಳು. ಗಿರಿಜಮ್ಮ ಬಾಗಿಲ ಚೌಕಟ್ಟಿಗೆ ತಲೆಯಿಟ್ಟು ಗಟ್ಟಿಯಾಗಿ ಅತ್ತರು. ನನ್ನ ಕಾಲು ಯಾವಾಗ ಕುಣಿಯುವುದನ್ನು ನಿಲ್ಲಿಸಿತೋ ನನಗೆ ತಿಳಿಯಲಿಲ್ಲ.

‘ಸಾಕು ಅತ್ತೆ,’ ಎಂದಳು ಪ್ರಮೀಳಾ, ಅವರ ಬೆನ್ನಿನ ಮೇಲೆ ಕೈಯಿಟ್ಟು. ‘ನಂಗೆ ಹೊಟ್ಟೆ ತುಂಬಿತು.’

‘ನಿನಗೆ ತುಂಬಿರಬಹುದು ಕಣಮ್ಮ,’ ಎಂದರು ವಿಶಾಲಾಕ್ಷಮ್ಮ, ಎಲೆಯಿಂದ ತಲೆ ಎತ್ತದೆ. ‘ನನಗಿನ್ನೂ ಇಲ್ಲ. ಗಿರಿಜಮ್ಮ, ಅನ್ನ ಹಾಕಿ.’